ಆಮೆಗೆ ಟಾಯ್ಲೆಟ್ ಕಲಿಸಲು ಹೊರಟವರಿಗೆ

ನಾಯಿಮರಿಗೆ ಕೆಲವು ವಾರ ತಾಳ್ಮೆಯಿಂದ ಹೇಳಿಕೊಟ್ಟರೆ ಹೊರಗೆ ಹೋಗುವುದನ್ನು ಕಲಿಯುತ್ತದೆ. ಬೆಕ್ಕಿಗೆ ಮರಳಿನ ಟ್ರೇ ತೋರಿಸಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಹಾಲ್‌ನಲ್ಲಿ ಓಡಾಡುವ ಇಪ್ಪತ್ತು ಕೆಜಿಯ ಆಮೆಗೆ ಏನು ಮಾಡುವುದು? ದೊಡ್ಡ ಆಮೆ ಸಾಕಿದವರಿಗೆ ಬೇಗನೆ ಎದುರಾಗುವ ಪ್ರಶ್ನೆ ಇದು. ಟ್ರೇ ತೋರಿಸಿ ಕಲಿಸಲು ಆಗುವುದಿಲ್ಲ. ಆದರೆ ಅದು ಎಲ್ಲಿ, ಯಾವ ಹೊತ್ತಿಗೆ ಹಿಕ್ಕೆ ಹಾಕುತ್ತದೆ ಅನ್ನೋದು ಬಹುಮಟ್ಟಿಗೆ ನಿಮ್ಮ ಕೈಲಿದೆ. ಅದರ ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಅರ್ಧ ಗಲೀಜು ತಪ್ಪುತ್ತದೆ.

ಅದಕ್ಕೂ ಮುಂಚೆ, ನಾವು ಯಾವ ಆಮೆಯ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಮುಖ್ಯ. ಬೆಂಗಳೂರಿನಲ್ಲಿ ಯಾರಾದರೂ "ಮನೇಲಿ ಆಮೆ ಇದೆ" ಅಂದರೆ ಹೆಚ್ಚಾಗಿ ಅದು ಗಾಜಿನ ತೊಟ್ಟಿಯಲ್ಲಿ ಈಜುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ನೀರಾಮೆ. ಅದು ಎಲ್ಲವನ್ನೂ ನೀರಲ್ಲೇ ಮುಗಿಸುತ್ತದೆ. ಅಲ್ಲಿ ತಲೆನೋವೇನಿದ್ದರೂ ಫಿಲ್ಟರ್‌ನದು.

ಇನ್ನೊಂದು ನಮ್ಮದೇ ನಕ್ಷತ್ರ ಆಮೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕುರುಚಲು ಕಾಡಿನ ಜೀವಿ. ಮನೆಯಲ್ಲಿಟ್ಟರೆ ಅದೃಷ್ಟ ಎಂಬ ನಂಬಿಕೆಯಿಂದ ಕದ್ದುಮುಚ್ಚಿ ಮಾರಾಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ನಂತರ ಅದು ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲನೇ ಅನುಸೂಚಿಗೆ ಸೇರಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಅದೃಷ್ಟ ಬೇಕಾದವರು ತಟ್ಟೆಯ ನೀರಲ್ಲಿ ಹಿತ್ತಾಳೆ ಆಮೆ ಇಟ್ಟುಕೊಳ್ಳುವುದೇ ಒಳ್ಳೆಯದು. ಅದು ಹಿಕ್ಕೆಯನ್ನೂ ಹಾಕುವುದಿಲ್ಲ.

ಈ ಲೇಖನ ಮೂರನೆಯದರ ಬಗ್ಗೆ. ಸುಲ್ಕಾಟಾ ಎಂದು ಕರೆಯುವ ಆಫ್ರಿಕಾದ ನೆಲದ ಆಮೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿರುವ ಸೆನೆಗಲ್, ಮಾಲಿ, ಚಾಡ್, ಸುಡಾನ್ ಅದರ ತವರು. ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ನೆಲದ ಆಮೆ ಇದು. ಕೊಳ್ಳುವಾಗ ಅಂಗೈಯಲ್ಲಿ ಕೂರುವಷ್ಟು ಮರಿ. ಪೂರ್ತಿ ಬೆಳೆದ ಗಂಡು 45 ಕೆಜಿ ದಾಟಬಹುದು, ಕೆಲವು ಇನ್ನೂ ಜಾಸ್ತಿ. ಅರವತ್ತು ಎಪ್ಪತ್ತು ವರ್ಷ ಬದುಕಬಲ್ಲದು. ಮರಿ ಮಾರುವವರು ಈ ಲೆಕ್ಕ ಹೇಳುವುದು ಕಡಿಮೆ.

ಇದನ್ನೂ ಸುಮ್ನೆ ತಂದು ಸಾಕುವ ಹಾಗಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಸುಲ್ಕಾಟಾ ಇದೆ. ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ವೆಬ್‌ಸೈಟ್ ಆದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಎಂದು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಆಗಲೇ ಸಾಕಿಕೊಂಡಿದ್ದವರಿಗೆ 6 ತಿಂಗಳ ಕಾಲಾವಕಾಶ ಕೊಟ್ಟಿತ್ತು. ಕಾಗದಪತ್ರ ಇಲ್ಲದ ಆಮೆ "ಸ್ವಲ್ಪ ಕಡಿಮೆಗೆ ಸಿಗುತ್ತೆ" ಅಂದರೆ ಆ ಕಡೆ ತಲೆ ಹಾಕಬೇಡಿ.

ಎಲ್ಲದಕ್ಕೂ ಒಂದೇ ದಾರಿ

ಆಮೆಯ ಬಾಲದ ಕೆಳಗೆ ಒಂದೇ ಒಂದು ರಂಧ್ರ ಇದೆ. ಹಿಕ್ಕೆ, ಮೂತ್ರ, ಮೊಟ್ಟೆ ಎಲ್ಲ ಅಲ್ಲಿಂದಲೇ. ಹಕ್ಕಿಗಳದ್ದೂ ಇದೇ ವ್ಯವಸ್ಥೆ. ಹೀಗಾಗಿ ಆಮೆ ಒಮ್ಮೆ ಹೋದರೆ ಮೂರು ಬಗೆಯ ಗಲೀಜು ಬೀಳಬಹುದು: ಹುಲ್ಲಿನ ನಾರು ಕಾಣುವ ಗಟ್ಟಿ ಹಿಕ್ಕೆ, ನೀರಿನಂಥ ಮೂತ್ರ, ಜೊತೆಗೆ ಬಿಳಿ ಪೇಸ್ಟ್.

ಆ ಬಿಳಿ ಪೇಸ್ಟ್ ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದು ಯೂರಿಕ್ ಆಸಿಡ್‌ನಿಂದಾದದ್ದು. ನಾವು ದೇಹದ ಕಸವನ್ನು ಯೂರಿಯಾ ಮಾಡಿ ನೀರಲ್ಲಿ ಕರಗಿಸಿ ಹೊರಗೆ ಕಳಿಸುತ್ತೇವೆ, ಅದಕ್ಕೆ ನೀರು ಜಾಸ್ತಿ ಬೇಕು. ಒಣಭೂಮಿಯ ಆಮೆಗೆ ಅಷ್ಟು ನೀರು ಖರ್ಚು ಮಾಡುವ ಶಕ್ತಿ ಇಲ್ಲ. ನೀರಲ್ಲಿ ಸುಲಭವಾಗಿ ಕರಗದ ಯೂರಿಕ್ ಆಸಿಡ್ ಮಾಡಿ, ನೀರು ಉಳಿಸಿಕೊಂಡು, ಪೇಸ್ಟನ್ನು ಮಾತ್ರ ಹೊರಗೆ ಹಾಕುತ್ತದೆ. ಕರಗುವುದಿಲ್ಲ ಅನ್ನುವ ಆ ಗುಣವೇ ನಿಮ್ಮ ನೆಲಕ್ಕೆ ಶತ್ರು. ಒಣಗಿದರೆ ಸುಣ್ಣದ ಹಾಗೆ ಅಂಟಿಕೊಳ್ಳುತ್ತದೆ. ಹಸಿ ಇದ್ದಾಗಲೇ ಒರೆಸಿ. ಒಣಗಿಬಿಟ್ಟಿದ್ದರೆ ಬಿಸಿ ಸೋಪು ನೀರಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಮೇಲೆ ಹಾಕಿಟ್ಟು ಉಜ್ಜಿ. ಮಾರ್ಬಲ್ ನೆಲವಾದರೆ ವಿನೆಗರ್, ನಿಂಬೆಹಣ್ಣು ಹತ್ತಿರ ತರಬೇಡಿ, ಕಲ್ಲೇ ಹಾಳಾಗುತ್ತದೆ. ಆಮೆ ಓಡಾಡುವ ಜಾಗಕ್ಕೆ ಫಿನಾಯಿಲ್ ಕೂಡ ಬೇಡ. ಅದು ಮೂಗನ್ನು ನೆಲದ ಹತ್ತಿರ ಇಟ್ಟುಕೊಂಡೇ ಬದುಕುವ ಪ್ರಾಣಿ.

ಆಮೆಯ ಮೂತ್ರಕೋಶ ದೊಡ್ಡದು. ಅದು ಬರೀ ಕಸದ ಚೀಲ ಅಲ್ಲ, ನೀರಿನ ಟ್ಯಾಂಕ್ ಕೂಡ. ಬರಗಾಲದಲ್ಲಿ ಅಲ್ಲಿಂದ ದೇಹಕ್ಕೆ ನೀರು ವಾಪಸ್ ಹೋಗುತ್ತದೆ. ಆಮೆಯನ್ನು ದಿಢೀರ್ ಅಂತ ಎತ್ತಿದರೆ ಹೆದರಿ ಆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡುತ್ತದೆ. ಸೋಫಾ ಮೇಲೆ, ನಿಮ್ಮ ಅಂಗಿ ಮೇಲೆ, ಎಲ್ಲಿ ಬೇಕಾದರೂ. ಬೈದು ಪ್ರಯೋಜನವಿಲ್ಲ. ಅದಕ್ಕೆ ನಷ್ಟವಾಗಿದ್ದು ಕೂಡಿಟ್ಟ ನೀರು. ಹಾಗೆ ಎತ್ತಿದ ಮೇಲೆ ಕುಡಿಯಲು ನೀರು ಇಡಿ. ಮನೆಗೆ ಬಂದ ನೆಂಟರ ಮಕ್ಕಳಿಗೆ "ಎತ್ಕೋಬೇಡಿ ಪುಟ್ಟ" ಅಂತ ಮೊದಲೇ ಹೇಳಿಬಿಡುವುದು ಎಲ್ಲರಿಗೂ ಕ್ಷೇಮ.

ನಾಯಿ ತಾನು ಮಲಗುವ ಜಾಗ ಕೊಳೆಯಾಗಬಾರದು ಅಂತ ತಡೆದುಕೊಳ್ಳುತ್ತದೆ. ನಾವು ಕಲಿಸುವುದೆಲ್ಲ ಆ ಹುಟ್ಟುಗುಣದ ಮೇಲೆ. ಬೆಕ್ಕಿಗೆ ಮಣ್ಣು ಮುಚ್ಚುವ ಅಭ್ಯಾಸ ಹುಟ್ಟಿನಿಂದಲೇ ಇದೆ. ಆಮೆಗೆ ಎರಡೂ ಇಲ್ಲ. ಹಸು ಮೇಯುತ್ತಾ ಸಗಣಿ ಹಾಕಿ ಮುಂದೆ ಹೋದ ಹಾಗೆ ಇದೂ ನಡೆಯುತ್ತಾ ಮೇಯುತ್ತದೆ, ನಡೆಯುತ್ತಲೇ ಹಾಕುತ್ತದೆ. ಕಾಡಿನಲ್ಲಿ ಅದೇ ಜಾಗಕ್ಕೆ ಬೇಗ ವಾಪಸ್ ಬರಬೇಕಾದ ಅಗತ್ಯ ಇಲ್ಲವಲ್ಲ. ಆದ್ದರಿಂದ ಮೂತಿಯನ್ನು ಹಿಕ್ಕೆಗೆ ತಂದು ತೋರಿಸುವುದು, ಗದರುವುದು, ಚಿಪ್ಪಿನ ಮೇಲೆ ತಟ್ಟುವುದು ಎಲ್ಲ ವ್ಯರ್ಥ. ಚಿಪ್ಪಿಗೂ ನೋವು ತಿಳಿಯುತ್ತದೆ, ಅದು ಮೂಳೆ ಮತ್ತು ಜೀವಂತ ಚರ್ಮದಿಂದಾದದ್ದು. ಬಾಲದ ಹತ್ತಿರ ಡೈಪರ್ ಕಟ್ಟುವವರೂ ಇದ್ದಾರೆ. ಒದ್ದೆ ಬಟ್ಟೆ ಅಲ್ಲೇ ಉಳಿದರೆ ಚರ್ಮ ಹುಣ್ಣಾಗುತ್ತದೆ. ನನ್ನ ಮಟ್ಟಿಗೆ ಅದು ಫೋಟೋಗೆ ಮಾತ್ರ ಚೆಂದ.

ಬೆಚ್ಚಗಿನ ನೀರೇ ಟಾಯ್ಲೆಟ್

ಆಮೆ ಸಾಕುವವರೆಲ್ಲ ಒಪ್ಪುವ ಒಂದು ಸಂಗತಿ ಇದೆ. ಬೆಚ್ಚಗಿನ ನೀರಲ್ಲಿ ನಿಲ್ಲಿಸಿದರೆ ಹೆಚ್ಚಿನ ಆಮೆಗಳು ಮೊದಲು ತಲೆ ತಗ್ಗಿಸಿ ನೀರು ಕುಡಿಯುತ್ತವೆ, ಆಮೇಲೆ ಹೊಟ್ಟೆ ಖಾಲಿ ಮಾಡುತ್ತವೆ. ಬಿಸಿಗೆ ಕರುಳು ಚುರುಕಾಗುತ್ತದೆ. ಒಳಗೆ ಹೊಸ ನೀರು ಸಿಗುವಾಗ ಹಳೆಯದನ್ನು ಹೊರಗೆ ಹಾಕಲು ಅದಕ್ಕೆ ಹಿಂಜರಿಕೆಯೂ ಇರುವುದಿಲ್ಲ. ನಿಮಗೆ ಬೇಕಾದ ಟಾಯ್ಲೆಟ್ ಇದೇ.

ನೀರು 30ರಿಂದ 33 ಡಿಗ್ರಿ ಇರಲಿ. ಮೊಣಕೈ ಅದ್ದಿದರೆ ಸುಡಲೂಬಾರದು, ತಣ್ಣಗೂ ಅನ್ನಿಸಬಾರದು. ಆಳ ಎಷ್ಟಿರಬೇಕು ಅಂದರೆ, ಮೇಲಿನ ಚಿಪ್ಪೂ ಹೊಟ್ಟೆಯ ಚಿಪ್ಪೂ ಸೇರುವ ಜಾಗದವರೆಗೆ, ಅದಕ್ಕಿಂತ ಮೇಲೆ ಬೇಡ. ಗದ್ದ ಸದಾ ನೀರಿನ ಮೇಲಿರಬೇಕು. ನೆಲದ ಆಮೆಗೆ ಈಜು ಬರುವುದಿಲ್ಲ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು, ಅಷ್ಟೂ ಹೊತ್ತು ಒಬ್ಬರು ಹತ್ತಿರದಲ್ಲೇ ಇರಬೇಕು. ನೀರು ಗಲೀಜಾದ ಕೂಡಲೇ ಬದಲಿಸಿ, ಇಲ್ಲದಿದ್ದರೆ ಅದನ್ನೇ ಕುಡಿಯುತ್ತದೆ. ಮರಿಗೆ ದಿನಾ, ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ. ಮೊದಲು ಮೈ ಕಾಯಿಸಲು ಬಿಡಿ, ನಂತರ ಸ್ನಾನ, ಆಮೇಲೆ ಊಟ, ಅದಾದ ಮೇಲೆ ಹಾಲ್‌ಗೆ ಬಿಡಿ. ಸ್ನಾನದ ದಿನಗಳಲ್ಲೆಲ್ಲ ಒಂದೇ ಹೊತ್ತಿಗೆ ಹೀಗೆ ನಡೆದರೆ ಕೆಲವು ವಾರದಲ್ಲಿ ಹೊಟ್ಟೆಯೂ ಆ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ. ನೂರಕ್ಕೆ ನೂರು ಅಂತ ಯಾರೂ ಭರವಸೆ ಕೊಡಲಾರರು. ಒರೆಸುವ ಬಟ್ಟೆ ಕೈಗೆ ಸಿಗುವಂತಿರಲಿ.

ಗಂಡು ಆಮೆ ಸ್ನಾನದ ಹೊತ್ತಲ್ಲಿ ಕಪ್ಪು ನೇರಳೆ ಬಣ್ಣದ ದೊಡ್ಡ ಮಾಂಸದ ತುಂಡೊಂದನ್ನು ಹೊರಗೆ ಹಾಕುವುದುಂಟು. ಕರುಳು ಹೊರಗೆ ಬಂತು ಅಂತ ಕೂಗಾಡುವವರಿದ್ದಾರೆ. ಅದು ಜನನಾಂಗ. ಸ್ವಲ್ಪ ಹೊತ್ತಿಗೆ ತಾನೇ ಒಳಗೆ ಹೋಗುತ್ತದೆ. ಹೋಗದೆ ಉಳಿದರೆ ಒದ್ದೆ ಬಟ್ಟೆ ಸುತ್ತಿ ಕೂಡಲೇ ಪಶುವೈದ್ಯರ ಹತ್ತಿರ ಓಡಬೇಕು.

ಮಾರ್ಚ್ ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಕಾಯುವ ಊರಲ್ಲಿ ಆಮೆ ಸ್ನಾನಕ್ಕೆ ಇಷ್ಟು ನೀರಾ ಅಂತ ಅತ್ತೆ ಕೇಳಿಯೇ ಕೇಳುತ್ತಾರೆ. ಸ್ನಾನದ ನೀರನ್ನು ದಾಸವಾಳ, ಕ್ರೋಟನ್ ಕುಂಡಗಳಿಗೆ ಹಾಕಬಹುದು. ಆದರೆ ಕೊತ್ತಂಬರಿ, ಪುದೀನದಂಥ ನೀವು ತಿನ್ನುವ ಸೊಪ್ಪಿಗೆ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಕಲಿಸಬಹುದಾದದ್ದು ಏನು

ಮರಿಯನ್ನು ಎತ್ತಿ ಟಬ್‌ಗೆ ಇಡಬಹುದು. ಮೂವತ್ತು ಕೆಜಿಯ ಆಮೆಯನ್ನು ದಿನಾ ಎತ್ತಿದರೆ ಸೊಂಟ ಹೋಗುತ್ತದೆ, ಆಮೆ ಹೆದರಿ ದಾರಿಯಲ್ಲೇ ಟ್ಯಾಂಕ್ ಖಾಲಿ ಮಾಡುತ್ತದೆ. ಹಾಗಾಗಿ ಅದೇ ನಡೆದು ಬರಬೇಕು. ಇದನ್ನು ಮಾತ್ರ ಖಂಡಿತ ಕಲಿಸಬಹುದು.

ಆಮೆ ಮಂದ ಬುದ್ಧಿಯದು ಅನ್ನುವುದು ಅದರ ನಡಿಗೆ ನೋಡಿ ನಾವು ಕಟ್ಟಿದ ಮಾತು. ವಿಯೆನ್ನಾ ಮೃಗಾಲಯದ ದೈತ್ಯ ಆಮೆಗಳಿಗೆ ಬಣ್ಣದ ಚೆಂಡನ್ನು ಗುರುತಿಸಿ ಕಚ್ಚಲು ಕಲಿಸಿದ್ದರು. ಒಂಬತ್ತು ವರ್ಷದ ನಂತರ ಮತ್ತೆ ಚೆಂಡು ತೋರಿಸಿದಾಗಲೂ ಅವು ಕಚ್ಚುವ ಪಾಠ ಮರೆತಿರಲಿಲ್ಲ. ಈ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಲ್ಲಿ ನಡೆದರೆ ತಿಂಡಿ ಸಿಗುತ್ತದೆ ಅನ್ನುವುದು ಆಮೆಗೆ ಚೆನ್ನಾಗಿ ನೆನಪಿರುತ್ತದೆ.

ಬೆಂಗಳೂರಿನ ಫ್ಲಾಟ್‌ಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಒಂದು ಯುಟಿಲಿಟಿ ಇರುತ್ತದಲ್ಲ, ಪಾತ್ರೆ ತೊಳೆಯುವ, ವಾಷಿಂಗ್ ಮೆಷಿನ್ ಇಡುವ ಜಾಗ. ನೆಲಕ್ಕೆ ಇಳಿಜಾರು, ಮೂಲೆಯಲ್ಲಿ ನೀರು ಹೋಗುವ ಜಾಲಿ. ಆಮೆಗೆ ಇದಕ್ಕಿಂತ ಒಳ್ಳೆಯ ಬಚ್ಚಲು ಇನ್ನೊಂದಿಲ್ಲ. ಆದರೆ ಪಾತ್ರೆ ತೊಳೆಯುವುದೂ ಅಲ್ಲೇ ಆದರೆ ಎರಡನ್ನೂ ಬೆರೆಸಬೇಡಿ, ಹೊರಗಿನ ಬಾತ್‌ರೂಮ್ ಒಂದನ್ನು ಆಮೆಗೇ ಬಿಟ್ಟುಕೊಡಿ. ಹೊಸ್ತಿಲಿನ ಕಲ್ಲು ಎರಡು ಮೂರು ಇಂಚು ಎತ್ತರ ಇದ್ದರೆ ಪ್ಲೈವುಡ್ ಹಲಗೆ ಓರೆಯಾಗಿಟ್ಟು ಮೇಲೆ ತೆಂಗಿನ ನಾರಿನ ಮ್ಯಾಟ್ ಅಂಟಿಸಿ. ಒಳಗೆ ಅಗಲವಾದ, ಅಂಚು ತಗ್ಗಾದ ಟ್ರೇ.

ಈಗ ಒಂದು ಕೋಲಿನ ತುದಿಗೆ ಕೆಂಪು ಪ್ಲಾಸ್ಟಿಕ್ ಮುಚ್ಚಳ ಕಟ್ಟಿ. ಕೆಂಪು, ಹಳದಿ ಬಣ್ಣಕ್ಕೆ ಆಮೆ ಬೇಗ ತಲೆ ಎತ್ತುತ್ತದೆ. ಮೊದಲು ಮುಚ್ಚಳವನ್ನು ಮೂಗಿನ ಮುಂದೆ ಹಿಡಿಯಿರಿ. ಮುಟ್ಟಿದ ತಕ್ಷಣ ಒಂದು ದಾಸವಾಳದ ಹೂ. ಅದು ಗೊತ್ತಾದ ಮೇಲೆ ಒಂದಡಿ ದೂರ, ಆಮೇಲೆ ಎರಡಡಿ, ಆಮೇಲೆ ಬಾತ್‌ರೂಮ್ ಬಾಗಿಲು, ಕೊನೆಗೆ ಟ್ರೇ. ಮೈ ಬೆಚ್ಚಗಿದ್ದಾಗ, ಹೊಟ್ಟೆ ಹಸಿದಿದ್ದಾಗ ಮಾತ್ರ ಪಾಠ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಆಮೆ ತಲೆ ಒಳಗೆಳೆದುಕೊಂಡರೆ ಅವತ್ತಿನ ಕ್ಲಾಸ್ ಮುಗಿಯಿತು ಅಂತ ಅರ್ಥ. ಗಮನಿಸಿ, ಇಲ್ಲಿ ನೀವು ಕಲಿಸುತ್ತಿರುವುದು ನಡಿಗೆ. ಹಿಕ್ಕೆ ಹಾಕಿಸುವ ಕೆಲಸ ಬೆಚ್ಚಗಿನ ನೀರಿನದು.

ಬಾಯಿಂದಲೇ ಶುರು

ಹಿಕ್ಕೆ ಗಟ್ಟಿಯಾಗಿದ್ದರೆ ಕಾಗದದಲ್ಲಿ ಎತ್ತಿ ಹಾಕಬಹುದು. ತೆಳ್ಳಗಿದ್ದರೆ ಇಡೀ ಹಾಲ್ ತೊಳೆಯಬೇಕು. ಈ ವ್ಯತ್ಯಾಸ ಪೂರ್ತಿ ಊಟದ ಮೇಲಿದೆ. ಸುಲ್ಕಾಟಾ ಹುಲ್ಲು ತಿನ್ನುವ ಪ್ರಾಣಿ. ನಾರು ಜಾಸ್ತಿ, ಪ್ರೋಟೀನ್ ಕಡಿಮೆ, ಸಕ್ಕರೆ ಇಲ್ಲ ಅನ್ನುವಷ್ಟು. ಹಣ್ಣಿನ ಸಕ್ಕರೆಗೆ ಅದರ ಕರುಳಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಭೇದಿ ಶುರುವಾಗುತ್ತದೆ. ಪ್ರೀತಿಯಿಂದ ಬಾಳೆಹಣ್ಣು, ಕಲ್ಲಂಗಡಿ ಕೊಡುವವರ ಮನೆಯ ನೆಲ ಯಾವಾಗಲೂ ಗಲೀಜು. ಅನ್ನ, ಚಪಾತಿ, ಬ್ರೆಡ್, ನಾಯಿಯ ತಿಂಡಿ ಯಾವುದೂ ಅದರ ಊಟವಲ್ಲ.

ನಮ್ಮಲ್ಲಿ ಒಳ್ಳೆಯ ಊಟಕ್ಕೆ ಬರ ಇಲ್ಲ. ಗರಿಕೆ, ನೇಪಿಯರ್ ಹುಲ್ಲು, ಒಣಹುಲ್ಲು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ. ಪಾಲಕ್ ಸೊಪ್ಪು ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಣೇಶನ ಹಬ್ಬಕ್ಕೆ ಗಾಂಧಿಬಜಾರಿನಲ್ಲಿ ಗರಿಕೆ ಕಟ್ಟು ಕಟ್ಟಾಗಿ ಸಿಗುತ್ತದೆ ನಿಜ, ಆದರೆ ಎಲ್ಲಿ ಬೆಳೆದದ್ದು, ಏನು ಸಿಂಪಡಿಸಿದ್ದು ಅಂತ ಗೊತ್ತಾಗುವುದಿಲ್ಲ. ಮಾರುಕಟ್ಟೆಯ ಹೂವಿಗೂ ಇದೇ ಮಾತು. ನಾಲ್ಕು ಕುಂಡದಲ್ಲಿ ಸ್ವಂತ ಬೆಳೆಸುವುದು ವಾಸಿ.

ಹಿಕ್ಕೆ ಒಂದು ಆರೋಗ್ಯ ವರದಿಯೂ ಹೌದು. ಬಿಳಿ ಪೇಸ್ಟ್ ಟೂತ್‌ಪೇಸ್ಟ್‌ನಷ್ಟು ಮೆತ್ತಗಿರಬೇಕು. ಮರಳಿನಂತೆ ತರಿತರಿಯಾಗಿದ್ದರೆ ನೀರು ಸಾಲುತ್ತಿಲ್ಲ. ಅದು ಹಾಗೇ ಮುಂದುವರಿದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ, ಸುಲ್ಕಾಟಾಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಕಾಯಿಲೆ. ಹಿಕ್ಕೆಯಲ್ಲಿ ಹುಳು, ರಕ್ತ, ಕೆಟ್ಟ ವಾಸನೆ ಇದ್ದರೆ ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ.

ಬೆಂಗಳೂರಿನ ಚಳಿ, ಬೆಂಗಳೂರಿನ ನೆಲ

ಆಮೆಯ ಮೈ ಬಿಸಿ ಸುತ್ತಲಿನ ಬಿಸಿಯಿಂದಲೇ ಬರಬೇಕು. ಹುಲ್ಲು ಕೊಳೆತು ಜೀರ್ಣವಾಗುವುದು ಅದರ ಹಿಂಗರುಳಿನಲ್ಲಿ, ಆ ಕೆಲಸಕ್ಕೆ ಬಿಸಿ ಬೇಕು. ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಜನವರಿಯ ರಾತ್ರಿ 15 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಜುಲೈ ಆಗಸ್ಟ್‌ನಲ್ಲಿ ದಿನಗಟ್ಟಲೆ ಮೋಡ, ತುಂತುರು. ನಮಗೆ ಹಿತ, ಮರುಭೂಮಿ ಅಂಚಿನ ಆಮೆಗೆ ಕಷ್ಟ. ಚಳಿಗೆ ಕರುಳು ನಿಧಾನವಾಗಿ, ನೀವು ಕಟ್ಟಿದ ಟಾಯ್ಲೆಟ್ ಟೈಮ್‌ಟೇಬಲ್ ಪೂರ್ತಿ ಹಳಿ ತಪ್ಪುತ್ತದೆ. ಚಳಿಯ ಜೊತೆ ತೇವವೂ ಸೇರಿದರೆ ಮೂಗು ಸೋರುತ್ತದೆ, ಉಸಿರಾಟದ ಸೋಂಕಾಗುತ್ತದೆ. ಮೈ ಕಾಯಿಸುವ ಜಾಗದಲ್ಲಿ 35 ಡಿಗ್ರಿ ಸಿಗುವ ದೀಪ, ರಾತ್ರಿಗೆ ಬೆಳಕು ಬೀರದ ಸೆರಾಮಿಕ್ ಹೀಟರ್ ಬೇಕು. ಅದನ್ನು ಒಣಹುಲ್ಲಿನಿಂದ ದೂರ ತೂಗುಹಾಕಿ. ಕರೆಂಟ್ ಹೋಗುವ ಊರಲ್ಲಿ ಮುಚ್ಚಿದ ಪ್ಲೈವುಡ್ ಗೂಡು ಇದ್ದರೆ ಬಿಸಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇನ್ನು ಬಿಸಿಲು. ಕಿಟಕಿ ಹತ್ತಿರ ಬಿಟ್ಟಿದ್ದೇವೆ, ಬಿಸಿಲು ಬೀಳುತ್ತೆ ಅನ್ನುವವರು ಬಹಳ. ಚಿಪ್ಪು ಗಟ್ಟಿಯಾಗಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನೇ ತಡೆಯುತ್ತದೆ. ಬೆಳಕು ಬರುತ್ತದೆ, ಬಿಸಿ ಬರುತ್ತದೆ, ಬೇಕಾದದ್ದು ಮಾತ್ರ ಬರುವುದಿಲ್ಲ. ಗಾಜಿಲ್ಲದ ಬಾಲ್ಕನಿ ಅಥವಾ ಟೆರೇಸ್‌ನಲ್ಲಿ ನೆರಳೂ ಸಿಗುವಂತೆ ದಿನಾ ಬಿಡಬೇಕು. ಆಗದಿದ್ದರೆ ಯುವಿಬಿ ಟ್ಯೂಬ್. ಆ ಟ್ಯೂಬ್ ಉರಿಯುತ್ತಿದ್ದರೂ ಶಕ್ತಿ ಕಳೆದುಕೊಳ್ಳುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು.

ನುಣುಪಾದ ಟೈಲ್ಸ್, ಗ್ರಾನೈಟ್ ಮೇಲೆ ಆಮೆಯ ಕಾಲು ಜಾರುತ್ತದೆ. ದಿನಾ ಜಾರುತ್ತಾ ನಡೆದರೆ ಕೀಲುಗಳಿಗೆ ಪೆಟ್ಟು. ಓಡಾಡುವ ಕಡೆ ರಬ್ಬರ್ ಮ್ಯಾಟ್ ಹಾಸಿ, ಅದನ್ನು ಎತ್ತಿ ತೊಳೆಯಲೂ ಸುಲಭ. ಬಾಲ್ಕನಿಯ ಕಂಬಿಗಳ ಕೆಳಭಾಗಕ್ಕೆ ಹಲಗೆ ಕಟ್ಟಿ. ಆಚೆ ಏನಿದೆ ಅಂತ ಕಂಡರೆ ಆಮೆ ತಳ್ಳುತ್ತಲೇ ಇರುತ್ತದೆ, ಕಾಣದಿದ್ದರೆ ಬಿಡುತ್ತದೆ.

ಸ್ನಾನದ ನೀರನ್ನು ಸೊಪ್ಪಿಗೆ ಹಾಕಬೇಡಿ ಅಂದೆನಲ್ಲ, ಅದಕ್ಕೆ ಕಾರಣ ಸಾಲ್ಮೊನೆಲ್ಲಾ. ಆರೋಗ್ಯವಾಗಿರುವ ಆಮೆಯ ಕರುಳಲ್ಲೂ ಈ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಸೋಂಕು ಹರಡುತ್ತಿದೆ ಅಂತಲೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಅಡುಗೆಮನೆ ಸಿಂಕ್‌ನಲ್ಲಿ ಆಮೆಯನ್ನಾಗಲಿ, ಅದರ ಟ್ರೇಯನ್ನಾಗಲಿ ತೊಳೆಯಬೇಡಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಗು, ಗರ್ಭಿಣಿ, ತೀರಾ ವಯಸ್ಸಾದವರು ಇರುವ ಮನೆಯ ಹಾಲ್‌ನಲ್ಲಿ ಆಮೆಯನ್ನು ಬಿಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿದರೂ ಮೂರನೇ ಮಹಡಿಯ ಎರಡು ಬೆಡ್‌ರೂಮ್ ಫ್ಲಾಟ್ ಪೂರ್ತಿ ಬೆಳೆದ ಸುಲ್ಕಾಟಾಗೆ ಮನೆಯಾಗಲಾರದು. ತವರಿನಲ್ಲಿ ಅದು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮೀಟರುಗಟ್ಟಲೆ ಆಳದ ಬಿಲ ತೋಡುತ್ತದೆ. ಫ್ಲಾಟ್‌ನಲ್ಲಿ ಆ ಹುಮ್ಮಸ್ಸು ಸೋಫಾ, ಬಾಗಿಲು, ಗೋಡೆಯ ಮೇಲೆ ತಿರುಗುತ್ತದೆ. ಮೊದಲ ಕೆಲವು ವರ್ಷ ಒಳಗೆ, ಆಮೇಲೆ ಮಣ್ಣಿನ ಅಂಗಳ ಇರುವ ಕಡೆ ಅನ್ನುವ ಯೋಜನೆ ಇಲ್ಲದವರು ಮರಿ ತರದಿರುವುದೇ ಸರಿ.

ಈಗಾಗಲೇ ತಂದು, ಸಾಕಲು ಆಗುತ್ತಿಲ್ಲ ಅನ್ನುವವರೂ ಇರುತ್ತಾರೆ. ಅವರಲ್ಲಿ ಕೆಲವರು ರಾತ್ರಿ ಹೊತ್ತು ಕೆರೆಗೆ ಬಿಟ್ಟು ಬರುವ ಯೋಚನೆ ಮಾಡುತ್ತಾರೆ. ನೆಲದ ಆಮೆಯನ್ನು ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ನೀರಾಮೆಯನ್ನು ಬಿಟ್ಟರೆ ಅದು ಉಳಿದು, ಅಲ್ಲಿನ ಸ್ಥಳೀಯ ಆಮೆಗಳ ಜಾಗ ಮತ್ತು ಊಟ ಕಿತ್ತುಕೊಳ್ಳುತ್ತದೆ. ನೋಂದಣಿ ಆಗಿರುವ ಸುಲ್ಕಾಟಾವನ್ನು ಅಂಗಳವಿರುವ ಬೇರೊಬ್ಬರಿಗೆ ಕೊಡಬಹುದು, ಆ ವರ್ಗಾವಣೆಯನ್ನು ಪರಿವೇಶ್ ಪೋರ್ಟಲ್‌ನಲ್ಲೇ ದಾಖಲಿಸಬೇಕು. ಆಮೆ ಸತ್ತರೂ ಅಲ್ಲೇ ತಿಳಿಸಬೇಕು. ಮನೆಯಲ್ಲಿರುವುದು ನಕ್ಷತ್ರ ಆಮೆ ಅಂತ ಈಗ ಗೊತ್ತಾದರೆ ಯಾರಿಗೂ ಕೊಡಲು ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ.